ಮೇರಿಯ ತವರು

ಮೇರಿ ಯಾರ ಮಗಳು ಎಂದು ನಾನು ಬರೆದದ್ದು ತಪ್ಪು. ಆ ತಪ್ಪು ನನ್ನ ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಚೌಕಟ್ಟು ಹಾಕಿಸಿಕೊಂಡು ಗೋಡೆ ಏರಿತು. ಇಂಟರ್‌ನೆಟ್ಟಿನಲ್ಲಿ, ನಾನು ಮುಖ ಕಂಡರಿಯದ ಎಷ್ಟೋ ಮನೆಗಳ ವಂಶವೃಕ್ಷದೊಳಕ್ಕೂ ಸೇರಿಕೊಂಡಿತು. ಇವೆರಡನ್ನೂ ಹೇಗೋ ತಿದ್ದಬಹುದು. ತಿದ್ದಲಾಗದ್ದು ಇನ್ನೊಂದಿದೆ. ನಿಜ ಗೊತ್ತಿದ್ದ ಒಬ್ಬ ಹಿರಿಯರು ಅದನ್ನು ಹೇಳಲು ಬಂದಾಗ ನಾನು ಕೇಳಲಿಲ್ಲ. ಅವರು ಈಗಿಲ್ಲ.

ನನ್ನ ಮಗ ಇರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ. ಸೊಸೆ ಅಲ್ಲಿನವಳೇ. ಮೇರಿ ಅವಳ ಮುತ್ತಜ್ಜನ ತಾಯಿ. ಹುಟ್ಟಿದ್ದು 1839ರ ಆಸುಪಾಸಿನಲ್ಲಿ, ಸತ್ತದ್ದು 1917ರಲ್ಲಿ. ಸಮಾಧಿ ಕಲ್ಲಿನ ಮೇಲೆ ಗಂಡನ ಹೆಸರು ದೊಡ್ಡದಾಗಿದೆ. ಅದರ ಕೆಳಗೆ, ಮೇರಿ, ಇಂಥವರ ಹೆಂಡತಿ, ಅಷ್ಟೆ. ಅವಳ ತವರಿನ ಅಡ್ಡಹೆಸರು ಏನು, ತಂದೆತಾಯಿ ಯಾರು ಎಂದು ಬೀಗರಿಗೆ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದ ನಾನು ಬಾಣಂತನಕ್ಕೆಂದು ಹೋಗಿದ್ದೆ. "ನೀವು ಇಂಥದ್ದೇ ಕೆಲಸ ಮಾಡಿದವರಂತಲ್ಲ, ಸ್ವಲ್ಪ ನೋಡ್ತೀರಾ?" ಎಂದು ಬೀಗರು ಕೇಳಿದರು. ಪೌತಿ ಖಾತೆಗೆ ಬರುವ ವಂಶವೃಕ್ಷಗಳನ್ನು ಪರಿಶೀಲಿಸುತ್ತ ನನ್ನ ನೌಕರಿಯ ಅರ್ಧ ಕಳೆದಿತ್ತು. ಖುಷಿಯಿಂದ ಒಪ್ಪಿಕೊಂಡೆ.

ಒಹಾಯೊದಲ್ಲಿ 1908ರ ಡಿಸೆಂಬರಿನಿಂದ ಸಾವುಗಳ ನೋಂದಣಿ ರಾಜ್ಯಮಟ್ಟದಲ್ಲಿ ಶುರುವಾಯಿತು. ಹಾಗಾಗಿ ಮೇರಿಯ ಮರಣ ಪ್ರಮಾಣಪತ್ರ ಸುಲಭವಾಗಿ ಸಿಕ್ಕಿತು. ತಂದೆಯ ಹೆಸರಿನ ಕಾಲಂನಲ್ಲಿ ಒಬ್ಬ ರೈತನ ಪೂರ್ಣ ಹೆಸರಿತ್ತು. ತಾಯಿಯ ಕಾಲಂನಲ್ಲಿ "ಗೊತ್ತಿಲ್ಲ" ಎಂದಿತ್ತು. ಮಾಹಿತಿ ಕೊಟ್ಟವನು ಮಗ. ಆ ರೈತನ ಹೆಸರು ಹಿಡಿದು 1850ರ ಜನಗಣತಿಗೆ ಹೋದೆ. ಅಮೆರಿಕದ ಗಣತಿಯಲ್ಲಿ ಮನೆಯ ಯಜಮಾನನದ್ದಲ್ಲದೆ, ಗುಲಾಮರನ್ನು ಬಿಟ್ಟು ಉಳಿದೆಲ್ಲರ ಹೆಸರನ್ನೂ ಬರೆದದ್ದು ಆ ವರ್ಷವೇ ಮೊದಲು. 1840ರವರೆಗಿನ ಪಟ್ಟಿಗಳಲ್ಲಿ ಹೆಂಡತಿ ಮಕ್ಕಳೆಲ್ಲ ಇಂತಿಷ್ಟು ವಯಸ್ಸಿನ ಹೆಣ್ಣು ಇಷ್ಟು, ಗಂಡು ಇಷ್ಟು ಎಂಬ ಬರೀ ಅಂಕಿಗಳು. ಒಹಾಯೊದ ಪಶ್ಚಿಮದ ಅಂಚಿನಲ್ಲಿ, ಗಡಿ ದಾಟಿದರೆ ಇಂಡಿಯಾನಾ ಸಿಗುವ ಒಂದು ಕೌಂಟಿಯಲ್ಲಿ ಆ ರೈತನ ಮನೆ ಸಿಕ್ಕಿತು. ಆ ಮನೆಯಲ್ಲಿ 11 ವರ್ಷದ ಮೇರಿ ಇದ್ದಳು. ಲೆಕ್ಕ ಸರಿಹೋಯಿತು. ನಾನು ಗೆರೆ ಎಳೆದು ತಂದೆ ಮಗಳನ್ನು ಜೋಡಿಸಿದೆ.

ಆ ಪುಟವನ್ನು ಆಮೇಲೆ ಎಷ್ಟು ಸಲ ನೋಡಿದ್ದೇನೋ, ಈಗ ಕಣ್ಣು ಮುಚ್ಚಿದರೂ ಕಾಣುತ್ತದೆ. ಮೊದಲ ಸಾಲಿನಲ್ಲಿ ಯಜಮಾನ, ಆಮೇಲೆ ಹೆಂಡತಿ. ಅವರ ಕೆಳಗೆ ಮಕ್ಕಳ ವಯಸ್ಸು ಇಳಿಯುತ್ತ ಬರುತ್ತದೆ: 17, 14, 9, 6. ಎಲ್ಲ ಮುಗಿದ ಮೇಲೆ, ಕೊನೆಯ ಸಾಲಿನಲ್ಲಿ, ಮೇರಿ, 11. ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೆ 14 ಮತ್ತು 9ರ ನಡುವೆ ಇರಬೇಕಿತ್ತು. ಅಡ್ಡಹೆಸರಿನ ಜಾಗದಲ್ಲಿ ಗಣತಿದಾರ ಯಜಮಾನನ ಹೆಸರನ್ನು ಒಮ್ಮೆ ಬರೆದು, ಕೆಳಗೆಲ್ಲ "ಮೇಲಿನಂತೆ" ಎಂದು ಸೂಚಿಸುವ ಎರಡು ಸಣ್ಣ ಗೀಟು ಹಾಕುತ್ತ ಹೋಗಿದ್ದಾನೆ. ಮೇರಿಯ ಸಾಲಿಗೂ ಅದೇ ಗೀಟು. ಮನೆಯವರಿಗೂ ಯಜಮಾನನಿಗೂ ಏನು ಸಂಬಂಧ ಎಂಬ ಕಾಲಂ 1850ರಲ್ಲಿ ಇರಲೇ ಇಲ್ಲ, ಅದು ಬಂದದ್ದು 1880ರಲ್ಲಿ. ಉದ್ಯೋಗವನ್ನು ಕೇಳುತ್ತಿದ್ದದ್ದು 15 ದಾಟಿದ ಗಂಡಸರಿಗೆ ಮಾತ್ರ. ಮನೆಗೆಲಸಕ್ಕೆ ಇಟ್ಟುಕೊಂಡ ಹುಡುಗಿಯನ್ನೂ ಹೆತ್ತ ಮಗಳನ್ನೂ ಬೇರೆ ಮಾಡಿ ತೋರಿಸುವ ಜಾಗವೇ ಆ ಹಾಳೆಯಲ್ಲಿ ಇರಲಿಲ್ಲ. ಉಳಿದದ್ದು ಹೆಸರು ಬರೆದ ಕ್ರಮ ಒಂದೇ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಗಣತಿದಾರ ಮರೆತು ಆಮೇಲೆ ಸೇರಿಸಿರಬೇಕು ಎಂದುಕೊಂಡು ಮುಂದೆ ಹೋದೆ.

ಇನ್ನೂ ಇದ್ದವು. 1850ರಲ್ಲಿ ಮೇರಿ ಹುಟ್ಟಿದ್ದು ಒಹಾಯೊದಲ್ಲಿ ಎಂದಿತ್ತು, ಮುಂದಿನ ಗಣತಿಗಳಲ್ಲೆಲ್ಲ ಪೆನ್ಸಿಲ್ವೇನಿಯ. 1880ರಿಂದ ಪ್ರತಿಯೊಬ್ಬರ ತಂದೆತಾಯಿ ಎಲ್ಲಿ ಹುಟ್ಟಿದವರು ಎಂದು ಬರೆಯತೊಡಗಿದರು. ಮೇರಿಯ ಸಾಲಿನಲ್ಲಿ ತಂದೆ ಐರ್ಲೆಂಡ್, ತಾಯಿ ಪೆನ್ಸಿಲ್ವೇನಿಯ ಎಂದಿದೆ. 1900ರಲ್ಲೂ ಹಾಗೇ ಇದೆ. ಆ ರೈತನೋ ವರ್ಜೀನಿಯಾದಲ್ಲಿ ಹುಟ್ಟಿದವನು. ಬೇರೆ ಬೇರೆ ವರ್ಷ, ಬೇರೆ ಬೇರೆ ಗಣತಿದಾರರು, ಆದರೆ ಉತ್ತರ ಮಾತ್ರ ಒಂದೇ. ಇದಕ್ಕೂ ನಾನು ಸಮಜಾಯಿಷಿ ಹುಡುಕಿಕೊಂಡೆ: ನೆರೆಯವರು ಯಾರೋ ತಪ್ಪು ಹೇಳಿರಬೇಕು. ಮದುವೆಯ ದಾಖಲೆ ಆ ಕೌಂಟಿಯಲ್ಲಿ ಸಿಗದಿದ್ದಾಗ, ಕೋರ್ಟ್‌ಹೌಸ್ ಸುಟ್ಟುಹೋಗಿರಬೇಕು ಎಂದೆ. ಒಹಾಯೊದಲ್ಲಿ ಅಂಥದ್ದು ಆಗಿದೆ, 1884ರ ಗಲಭೆಯಲ್ಲಿ ಸಿನ್ಸಿನಾಟಿಯ ಕೋರ್ಟ್‌ಹೌಸ್ ಸುಟ್ಟಿತ್ತು. ಆದರೆ ನನಗೆ ಬೇಕಾಗಿದ್ದ ಕೋರ್ಟ್‌ಹೌಸಿಗೆ ಬೆಂಕಿ ಬಿದ್ದಿತ್ತೇ ಎಂದು ಒಂದು ಫೋನು ಮಾಡಿ ಕೇಳಲಿಲ್ಲ. ಬಿದ್ದಿರಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆ ರೈತನ ಅಪ್ಪ ಬ್ರಿಟಿಷರ ವಿರುದ್ಧದ ಕ್ರಾಂತಿಯ ಯುದ್ಧದಲ್ಲಿ ಹೋರಾಡಿದವನು. ಅಮೆರಿಕದವರಿಗೆ ಅದು ದೊಡ್ಡ ಮಾತು. ಆ ಯೋಧರ ವಂಶದ ಹೆಣ್ಣುಮಕ್ಕಳಿಗೆಂದೇ ಅಲ್ಲಿ ಸಂಘಗಳಿವೆ. ಈ ಸುದ್ದಿ ಹೇಳಿದಾಗ ಬೀಗರ ಮುಖ ಹೇಗೆ ಅರಳಿತು! ವಾರ ಕಳೆಯುವುದರೊಳಗೆ ಅವರು ಕಾರು ಹತ್ತಿ ಆ ರೈತನ ಸಮಾಧಿ ಇರುವ ಊರಿಗೆ ಹೋಗಿ, ಪಾಚಿ ಹಿಡಿದ ಕಲ್ಲನ್ನು ನೀರು, ಮೆತ್ತನೆ ಬ್ರಷ್ಷಿನಿಂದ ಉಜ್ಜಿ ತೊಳೆದು ಬಂದರು. ಪರದೇಶದಲ್ಲಿ, ಮಗನ ಮನೆಯಲ್ಲಿ, ಮಾಡಲು ಹೆಚ್ಚೇನೂ ಕೆಲಸವಿಲ್ಲದೆ ಕೂತಿದ್ದ ನನಗೆ ಆ ಸಂತೋಷ ಬೇಕಾಗಿತ್ತು. ಅದನ್ನು ಕೆಡಿಸುವ ಯಾವ ಸಾಕ್ಷಿಯೂ ಬೇಡವಾಗಿತ್ತು.

ಅದೇ ಹೊತ್ತಿಗೆ ಬೀಗರ ಅಕ್ಕನನ್ನು ನೋಡಲು ಹೋದೆವು. ವಯಸ್ಸಾದವರು, ಕಿವಿ ಸ್ವಲ್ಪ ಮಂದ, ಬುದ್ಧಿ ಚುರುಕು. ಅವರ ಅಪ್ಪ 1900ರಲ್ಲಿ ಹುಟ್ಟಿದವರು. ಎಂದರೆ ಅಜ್ಜಿ ಮೇರಿ ಸಾಯುವಾಗ ಹದಿನೇಳರ ಹುಡುಗ, ಅವಳ ಕೈತುತ್ತು ಉಂಡು ಬೆಳೆದವರು. ನಾನು ಮುದ್ರಿಸಿ ತಂದಿದ್ದ ಹಾಳೆಯನ್ನು ಆ ಹಿರಿಯರು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇದು ಸರಿಯಿಲ್ಲ. ಅಜ್ಜಿ ಆ ಮನೆಯವಳಲ್ಲ, ಆ ಮನೆಗೆ ಕೆಲಸಕ್ಕೆ ಬಂದವಳು ಅಂತ ನಮ್ಮಪ್ಪ ಹೇಳ್ತಿದ್ರು." ನಾನು ಮರಣ ಪ್ರಮಾಣಪತ್ರದ ನಕಲು ತೆಗೆದು ಮುಂದಿಟ್ಟೆ. ಅವರು ಇನ್ನೇನೋ ಹೇಳಲು ಹೋದರು. ದಾಖಲೆಯಲ್ಲಿ ಹೀಗಿದೆ ನೋಡಿ, ಮಾತಿನಲ್ಲಿ ಬಂದದ್ದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ ಎಂದು ನಾನೇ ವಿವರಿಸಿದೆ. ಬೀಗರು ನನ್ನ ಪರ ಮಾತಾಡಿದರು. ಅಕ್ಕ ಹಾಳೆ ಮಡಚಿ ವಾಪಸು ಕೊಟ್ಟರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಇದು ನನಗೆ ಹೊಸ ಅಭ್ಯಾಸವೂ ಅಲ್ಲ. ನಮ್ಮಲ್ಲಿ ವಂಶವೃಕ್ಷ ದೃಢೀಕರಿಸುವಾಗ ಸ್ಥಳ ಮಹಜರು ಮಾಡಿ ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳುವ ಪದ್ಧತಿ ಇದೆ. ಪಂಚರ ಸಹಿ ಇದೆಯೇ ಎಂದು ನಾನು ನೋಡುತ್ತಿದ್ದೆ, ಅವರು ಏನು ಹೇಳಿದ್ದಾರೆ ಎಂದು ಓದಿದ್ದು ಕಡಿಮೆ. ಗಂಡುಮಕ್ಕಳ ಹೆಸರು ಮಾತ್ರ ಇರುವ ಎಷ್ಟೋ ವಂಶವೃಕ್ಷಗಳು ನನ್ನ ಮೇಜು ದಾಟಿ ಹೋಗಿವೆ. ಹೆಣ್ಣುಮಕ್ಕಳಿಲ್ಲವೇ ಎಂದರೆ, ಅವರೆಲ್ಲ ಮದುವೆಯಾಗಿ ಹೋದರಲ್ಲ ಮೇಡಂ ಎನ್ನುತ್ತಿದ್ದರು. ಕರ್ನಾಟಕದ ತಿದ್ದುಪಡಿ 1994ರಲ್ಲಿ, ಕೇಂದ್ರದ್ದು 2005ರಲ್ಲಿ ಜಾರಿಗೆ ಬಂದು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಬಂದ ಮೇಲೂ ಆ ಉತ್ತರ ನಿಲ್ಲಲಿಲ್ಲ. ನಾನು ಹುಟ್ಟಿದ ಮನೆಗೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು. ನಮ್ಮ ಮನೆತನ ಎಲ್ಲಿಂದ ಹೊರಟು ಎಲ್ಲಿ ನೆಲೆ ನಿಂತಿತು ಎಂದು ಹೊತ್ತಿಗೆ ಬಿಚ್ಚಿ ತಲೆತಲೆಮಾರು ಹೇಳುತ್ತಿದ್ದರು. ಆ ಸಾಲಿನಲ್ಲಿ ನನ್ನ ಅಜ್ಜನ ಅಜ್ಜನವರೆಗೆ ಹೆಸರಿತ್ತು. ಅಜ್ಜಿಯ ತಾಯಿ ಯಾರ ಮನೆಯಿಂದ ಬಂದವಳು ಎಂದು ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಸೊಸೆ ಕ್ರಾಂತಿಯ ಯೋಧರ ವಂಶಜೆಯರ ಒಂದು ಸಂಘಕ್ಕೆ ಅರ್ಜಿ ಹಾಕಿದಳು. ಅಲ್ಲಿನ ಪರಿಶೀಲಕರು ಒಂದು ಕೊಂಡಿಯನ್ನು ಗುರುತು ಮಾಡಿ ಕಡತ ವಾಪಸು ಕಳಿಸಿದರು: ಮೇರಿ ಈ ರೈತನ ಮಗಳು ಎಂಬುದಕ್ಕೆ ಆಕೆ ಬದುಕಿದ್ದಾಗಿನ ಪುರಾವೆ ಕೊಡಿ. ಕೊಟ್ಟೇಬಿಡೋಣ ಎಂದು ಹೊರಟೆ. ಮೇರಿಯ ಗಂಡ ಅಂತರ್ಯುದ್ಧದಲ್ಲಿ ಒಹಾಯೊದ ಕಾಲಾಳು ರೆಜಿಮೆಂಟಿನಲ್ಲಿದ್ದವನು. 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಿಂದಾಗಿ ಇಲ್ಲವಾಗಿದೆ. ಆದರೆ ಅದೇ ವರ್ಷ ಮಾಜಿ ಸೈನಿಕರನ್ನೂ ಸೈನಿಕರ ವಿಧವೆಯರನ್ನೂ ಬೇರೆಯಾಗಿ ಪಟ್ಟಿ ಮಾಡಿದ್ದರು, ಒಹಾಯೊದ ಆ ಪಟ್ಟಿ ಉಳಿದಿದೆ. ಅದರಲ್ಲಿ ಅವನ ರೆಜಿಮೆಂಟಿನ ಹೆಸರಿತ್ತು. ಅವನು 1893ರಲ್ಲಿ ತೀರಿಕೊಂಡ ಮೇಲೆ ಮೇರಿ ವಿಧವೆಯರ ಪಿಂಚಣಿ ಕೇಳಿದ್ದಳು. 1890ರ ಕಾಯಿದೆಯ ಪ್ರಕಾರ ತಿಂಗಳಿಗೆ 8 ಡಾಲರ್. ಇಂಥ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೆಚ್ಚಿನವನ್ನು ಇನ್ನೂ ಇಂಟರ್‌ನೆಟ್ಟಿಗೆ ಹಾಕಿಲ್ಲ, ಹಣ ಕಟ್ಟಿ ನಕಲು ತರಿಸಬೇಕು. ಕಡತ ಇರುವುದು ನನಗೆ ಮೊದಲೇ ಗೊತ್ತಿತ್ತು. ದುಬಾರಿ, ನಿಧಾನ, ಹೇಗೂ ತಂದೆ ಸಿಕ್ಕಾಯಿತಲ್ಲ ಎಂದು ಬಿಟ್ಟಿದ್ದೆ.

ನಕಲು ಬಂತು. ವಿಧವೆ ಪಿಂಚಣಿ ಕೇಳಿದರೆ ಮದುವೆಯಾದದ್ದಕ್ಕೆ ಸಾಕ್ಷಿ ಕೊಡಬೇಕು. ತಾನು ಅದಕ್ಕೆ ಮುಂಚೆ ಬೇರೆ ಮದುವೆ ಆಗಿರಲಿಲ್ಲ, ಗಂಡ ಸತ್ತ ಮೇಲೂ ಆಗಿಲ್ಲ ಎಂದು ಬಲ್ಲವರಿಂದ ಪ್ರಮಾಣ ಮಾಡಿಸಬೇಕು. ಸರ್ಕಾರದ ಆ ಅನುಮಾನದಿಂದಾಗಿ ಸಾವಿರಾರು ಬಡ ಹೆಂಗಸರ ಬಾಲ್ಯ, ಬಾಣಂತನ, ನೆರೆಹೊರೆಯೆಲ್ಲ ಕಾಗದಕ್ಕೆ ಇಳಿದಿದೆ. ಹತ್ತೊಂಬತ್ತನೇ ಶತಮಾನದ ಸಾಮಾನ್ಯ ಹೆಂಗಸಿನ ಬಗ್ಗೆ ಇಷ್ಟು ತುಂಬಿದ ದಾಖಲೆ ಅಮೆರಿಕದಲ್ಲಿ ಬೇರೆ ಯಾವುದೂ ಇಲ್ಲ ಎಂದು ನನಗೀಗ ಅನಿಸುತ್ತದೆ. ಅದನ್ನು ಮೊದಲು ನೋಡಬೇಕಿತ್ತು.

ಮದುವೆ ನಡೆದದ್ದು 1859ರಲ್ಲಿ, ಗಡಿಯಾಚೆ ಇಂಡಿಯಾನಾದಲ್ಲಿ. ಲೈಸೆನ್ಸಿನಲ್ಲಿ ಮೇರಿಯ ಅಡ್ಡಹೆಸರು ರೈತನದ್ದಲ್ಲ, ಒಂದು ಐರಿಷ್ ಹೆಸರು. ಅದರ ಹಿಂದೆ ಒಬ್ಬ ಮುದುಕಿಯ ಪ್ರಮಾಣಪತ್ರ. ಮೇರಿಯನ್ನು ಅವಳು ಕೂಸಾಗಿದ್ದಾಗಿನಿಂದ ಬಲ್ಲೆ, ಅವಳ ಅಪ್ಪ ಕಾಲುವೆ ಅಗೆಯುವ ಕೆಲಸಕ್ಕೆ ಬಂದವನು, ಮೊದಲೇ ಸತ್ತ, ತಾಯಿ ಕಾಲರಾದಲ್ಲಿ ಹೋದಳು, ಆಮೇಲೆ ಹುಡುಗಿಯನ್ನು ಆ ರೈತನ ಮನೆಗೆ ಕರಾರಿನ ಮೇಲೆ ಕೊಟ್ಟರು ಎಂದು ಆಕೆ ಹೇಳಿದ್ದಳು. ಪಶ್ಚಿಮ ಒಹಾಯೊದ ಉದ್ದಕ್ಕೂ ಸಿನ್ಸಿನಾಟಿಯಿಂದ ಟೊಲೆಡೊವರೆಗಿನ ಮಯಾಮಿ ಮತ್ತು ಈರಿ ಕಾಲುವೆ ಮುಗಿದದ್ದು 1845ರಲ್ಲಿ. ಅಗೆದವರಲ್ಲಿ ಐರಿಷ್ ಕೂಲಿಗಳು ಬಹಳ. 1849ರಲ್ಲಿ ಆ ರಾಜ್ಯವನ್ನು ಕಾಲರಾ ನುಂಗಿತು. ದಿಕ್ಕಿಲ್ಲದ ಮಕ್ಕಳನ್ನು ಟೌನ್‌ಶಿಪ್ಪಿನ ಅಧಿಕಾರಿಗಳು ಯಾವುದಾದರೂ ಮನೆಗೆ ಕರಾರು ಬರೆದು ಒಪ್ಪಿಸುತ್ತಿದ್ದರು. ಹೆಣ್ಣುಮಕ್ಕಳಾದರೆ 18 ತುಂಬುವವರೆಗೆ ದುಡಿತ. ಮೇರಿ ಆ ಮನೆಯಲ್ಲಿ ಸಿಕ್ಕಿದ್ದು 1850ರ ಗಣತಿಯಲ್ಲಿ, ಎಂದರೆ ತಾಯಿ ಸತ್ತ ಮರುವರ್ಷ.

ಆ ಕಾಗದದ ಮುಂದಿನದ್ದು ಮೇರಿಯದೇ ಹೇಳಿಕೆ. ತಾನು ಇಂಥವರ ಮನೆಯಲ್ಲಿ ಬೆಳೆದವಳೇ ಹೊರತು ಅವರ ರಕ್ತಸಂಬಂಧಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾಳೆ. ಕೆಳಗೆ ಸಹಿಯ ಜಾಗದಲ್ಲಿ ಗುಮಾಸ್ತ ಅವಳ ಹೆಸರು ಬರೆದು, ನಡುವೆ ಜಾಗ ಬಿಟ್ಟಿದ್ದಾನೆ. ಅಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಉದ್ದಗೆರೆ ಕೆಳಗಿನ ಅಕ್ಷರದೊಳಕ್ಕೆ ಇಳಿದಿದೆ, ತುದಿಯಲ್ಲಿ ಶಾಯಿ ಹರಡಿದೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ ಅಲ್ಲಿ ಓದುಬರಹ ಬಾರದವರು ಶಿಲುಬೆ ಗುರುತು ಹಾಕುತ್ತಿದ್ದರು. ತಾನು ಯಾರು ಎಂದು ಅವಳು ಸರ್ಕಾರದ ಮುಂದೆ ಪ್ರಮಾಣ ಮಾಡಿ ಹೇಳಿದ್ದಳು. ಅವಳು ಸತ್ತ ಮೇಲೆ, ಅವಳ ಹುಟ್ಟನ್ನು ಕಂಡಿರದ ಮಗ ತನಗೆ ತೋಚಿದ ಹೆಸರನ್ನು ಪ್ರಮಾಣಪತ್ರಕ್ಕೆ ಕೊಟ್ಟ. ನಾನು ನಂಬಿದ್ದು ಆ ಮಗನನ್ನು.

ಬೀಗರ ಅಕ್ಕ ಈ ಕಡತ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಅವತ್ತು ಅವರು ಇನ್ನೇನು ಹೇಳಲು ಹೊರಟಿದ್ದರು? ತಾಯಿಯ ಹೆಸರೇ? ಯಾವ ಊರಿನಿಂದ ಬಂದರು ಎಂಬುದೇ? ಅಪ್ಪನಿಂದ ಕೇಳಿದ್ದನ್ನು ಹೇಳಬಲ್ಲವರು ಆ ಮನೆತನದಲ್ಲಿ ಅವರೊಬ್ಬರೇ ಉಳಿದಿದ್ದರು. ಬೀಗರು ಅವರಿಗಿಂತ ತುಂಬಾ ಚಿಕ್ಕವರು, ಅವರ ಕಿವಿಗೆ ಆ ಮಾತುಗಳು ಬಿದ್ದೇ ಇರಲಿಲ್ಲ. ಕಡತ ಓದಿ ಮುಗಿಸಿ ಬೀಗರು, "ಅಕ್ಕನಿಗೆ ನಾನೇ ಸುಮ್ಮನಿರು ಅಂದೆ" ಎಂದರು. ಹಾಗೆ ಅನ್ನುವಂತೆ ಮಾಡಿದವಳು ನಾನು.

ಹೆಸರು ಹೊಂದಿತು ಎಂದು ಹೆಣ್ಣನ್ನು ತಪ್ಪು ಮನೆಗೆ ಸೇರಿಸುವುದು ದೊಡ್ಡವರ ವಿಷಯದಲ್ಲೂ ನಡೆದಿದೆ. ಅಬ್ರಹಾಂ ಲಿಂಕನ್ನರ ತಾಯಿ ನ್ಯಾನ್ಸಿ ಹ್ಯಾಂಕ್ಸ್ 1818ರಲ್ಲಿ ಇಂಡಿಯಾನಾದಲ್ಲಿ ತೀರಿಕೊಂಡರು. ಅವರು ಯಾರ ಮಗಳು ಎಂಬ ಜಗಳ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಕ್ಯಾರೊಲಿನ್ ಹ್ಯಾಂಕ್ಸ್ ಹಿಚ್‌ಕಾಕ್ ಎಂಬಾಕೆ 1899ರಲ್ಲಿ ಪುಸ್ತಕ ಬರೆದು, ಜೋಸೆಫ್ ಹ್ಯಾಂಕ್ಸ್ ಎಂಬ ರೈತನೇ ತಂದೆ ಎಂದರು. ಕೆಂಟಕಿಯಲ್ಲಿ 1793ರಲ್ಲಿ ಆತ ಬರೆದ ಉಯಿಲಿನಲ್ಲಿ ಮಗಳು ನ್ಯಾನ್ಸಿಗೆ ಪೀಡಿ ಎಂಬ ಕಡಸನ್ನು ಬಿಟ್ಟಿದ್ದಾನೆ. ಹೆಸರು ಸರಿಹೊಂದಿತು. ಆದರೆ ಆ ನ್ಯಾನ್ಸಿ ಲಿಂಕನ್ನರ ತಾಯಿಯಲ್ಲ, ತಾಯಿಯ ಚಿಕ್ಕಮ್ಮ. ಲಿಂಕನ್ನರ ತಾಯಿಯನ್ನು ಹೆತ್ತವಳು ಜೋಸೆಫನ ಇನ್ನೊಬ್ಬ ಮಗಳು ಲೂಸಿ ಎಂಬ ವಾದವನ್ನು, ತಾಯಿಯಿಂದ ಮಾತ್ರ ಇಳಿದು ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಪರೀಕ್ಷೆ 2015ರಲ್ಲಿ ಬಲಪಡಿಸಿತು. ಮೇರಿಗೆ ಆ ಪರೀಕ್ಷೆಯ ದಾರಿ ಸದ್ಯಕ್ಕೆ ಇಲ್ಲ. ನಮ್ಮ ಸೊಸೆ ಮೇರಿಯ ಮಗನ ಸಂತತಿ, ಹೆಣ್ಣುಮಕ್ಕಳ ಸಂತತಿಯವರನ್ನು ಹುಡುಕಬೇಕು. ಮೇರಿ 9 ಮಕ್ಕಳನ್ನು ಹೆತ್ತಳು, 6 ಬದುಕಿವೆ ಎಂದು 1900ರ ಗಣತಿ ಹೇಳುತ್ತದೆ. ಅವರಲ್ಲಿ ಹೆಣ್ಣೆಷ್ಟು, ಎಲ್ಲಿಗೆ ಮದುವೆಯಾಗಿ ಹೋದರು ಎಂಬ ಹುಡುಕಾಟ ನಡೆದಿದೆ.

ತಾಯಿ ಸಿಕ್ಕಿರಬಹುದು. ಗಣತಿಯ ಜೊತೆಗೇ, 1850ರ ಜೂನ್ 1ಕ್ಕೆ ಮುಗಿದ ಒಂದು ವರ್ಷದಲ್ಲಿ ಸತ್ತವರ ಪಟ್ಟಿಯನ್ನೂ ಮಾಡಿದ್ದರು. ಎಲ್ಲ ಕೌಂಟಿಗಳದ್ದೂ ಉಳಿದಿಲ್ಲ, ಈ ಕೌಂಟಿಯದ್ದು ಉಳಿದಿದೆ. ಅದರಲ್ಲಿ ಅದೇ ಐರಿಷ್ ಅಡ್ಡಹೆಸರಿನ ಒಬ್ಬ ಹೆಂಗಸು: ವಯಸ್ಸು 34, ವಿಧವೆ, ಹುಟ್ಟಿದ್ದು ಪೆನ್ಸಿಲ್ವೇನಿಯ, ಸತ್ತ ತಿಂಗಳು ಆಗಸ್ಟ್, ಕಾರಣ ಕಾಲರಾ, ಕಾಯಿಲೆ ಮಲಗಿದ್ದು 1 ದಿನ. ಎಲ್ಲವೂ ಹೊಂದುತ್ತದೆ. ಹೊಂದುತ್ತದೆ ಎಂಬ ಕಾರಣಕ್ಕೇ ನಾನೀಗ ಅವಸರ ಮಾಡುತ್ತಿಲ್ಲ. ವಂಶವೃಕ್ಷದಲ್ಲಿ ಆಕೆಯ ಹೆಸರಿನ ಪಕ್ಕ "ಬಹುಶಃ" ಎಂದು ಬರೆದು, ಯಾವ ಕಾಗದ ಯಾರ ಬಾಯಿಂದ ಬಂದದ್ದು, ಹೇಳಿದವರು ಆಗ ಅಲ್ಲಿದ್ದರೇ ಎಂಬುದನ್ನು ಕೆಳಗೆ ಸೇರಿಸಿದ್ದೇನೆ. ಬೀಗರ ಅಕ್ಕ ಹೇಳಿದ ಮಾತನ್ನು ಅವರ ಹೆಸರಿನಲ್ಲೇ, ಅವರಿಗೆ ಅದನ್ನು ಹೇಳಿದವರ ಹೆಸರಿನ ಜೊತೆ, ಪಿಂಚಣಿ ಕಡತಕ್ಕಿಂತ ಮೇಲೆ ಇಟ್ಟಿದ್ದೇನೆ. ಸೊಸೆ ಸಂಘದ ಅರ್ಜಿಯನ್ನು ಹಿಂದಕ್ಕೆ ಪಡೆದಳು. ಗೋಡೆಯ ಮೇಲಿನ ಚೌಕಟ್ಟನ್ನು ಬೀಗರೇ ಇಳಿಸಿದರು. ಆ ರೈತನ ಸಮಾಧಿಗೆ ಮಾತ್ರ ಈಗಲೂ ಹೋಗಿ ಬರುತ್ತಾರೆ, ಅನ್ನ ಹಾಕಿದ ಮನೆ ಎನ್ನುತ್ತಾರೆ. ಅನ್ನ ಹಾಕಿದ್ದೆಷ್ಟು, ದುಡಿಸಿಕೊಂಡದ್ದೆಷ್ಟು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಟೌನ್‌ಶಿಪ್ಪಿನ ಹಳೆಯ ಪುಸ್ತಕದಲ್ಲಿ ಮೇರಿಯ ಕರಾರು ಉಳಿದಿದ್ದರೆ ಸ್ವಲ್ಪ ತಿಳಿದೀತು. ಅಲ್ಲಿನ ಗುಮಾಸ್ತರಿಗೆ ಪತ್ರ ಬರೆದಿದ್ದೇವೆ.

ನನ್ನ ತಪ್ಪನ್ನು ನಕಲು ಮಾಡಿಕೊಂಡವರಿಗೂ ಒಬ್ಬೊಬ್ಬರಿಗೇ ಬರೆಯುತ್ತಿದ್ದೇನೆ, ಮೇರಿಯ ಹೇಳಿಕೆಯ ಪುಟವನ್ನು ಜೊತೆಗಿಟ್ಟು. ಕೆಲವರು ತಿದ್ದಿಕೊಂಡು ವಂದನೆ ಹೇಳಿದರು. ಕೆಲವರಿಗೆ ಕ್ರಾಂತಿಯ ಯೋಧನನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಮರಣ ಪ್ರಮಾಣಪತ್ರ ಇದೆಯಲ್ಲ ಎಂದು ನಾನು ಆಡಿದ ಮಾತನ್ನೇ ಆಡುತ್ತಾರೆ. ಅವರಿಗೆ ಮತ್ತೆ ಬರೆಯುತ್ತೇನೆ.